ಸ್ವಿಚ್ಚಿನ ಮೇಲಿನ ಚೀಟಿ

ನಿಮ್ಮ ಮನೆಗೂ ಮಾತು ಕೇಳುವ ಬಲ್ಬ್ ಬಂದಿದೆಯೇ?

ಚಿಕ್ಕಬಾಣಾವರದ ನಮ್ಮ ಮನೆಗೆ ಅದನ್ನು ತಂದವರು ದುಬೈಯಲ್ಲಿ ದುಡಿಯುವ ನನ್ನ ಮೈದುನ. ರಾತ್ರಿ ನಮಾಝಿಗೆ ಏಳುವ ತಾಯಿ ಕತ್ತಲಲ್ಲಿ ಗೋಡೆ ತಡಕಬಾರದೆಂಬುದು ಅವರ ಆಸೆ. ಅತ್ತೆಯ ಕೋಣೆಗೆ ಬಲ್ಬ್ ಹಾಕಿ, ಪಕ್ಕದಲ್ಲಿ ಸಣ್ಣ ಸ್ಪೀಕರೊಂದನ್ನು ಇಟ್ಟರು. ಅದಕ್ಕೆ ನಮ್ಮ ದಖ್ಖನಿಯೂ ಬಾರದು, ಕನ್ನಡವೂ ಬಾರದು. ಎಪ್ಪತ್ತೆರಡರ ಅತ್ತೆ ಎರಡು ಇಂಗ್ಲಿಷ್ ಪದ ಕಲಿತರು. ಅವರು ಹೇಳಿದಾಗ ಕೋಣೆ ಬೆಳಗಿದ್ದನ್ನು ಕಂಡು ನಾವೆಲ್ಲ ನಕ್ಕೆವು.

ಒಂದೇ ತೊಡಕು. ಇಂತಹ ಬಲ್ಬಿಗೆ ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ಅತ್ತೆ ಹಳೆಯ ಅಭ್ಯಾಸದಂತೆ ಆಫ್ ಮಾಡಿಬಿಡುವರು. ಬಲ್ಬ್ ಸತ್ತಂತೆ ಇರುವುದು, ದುಬೈಯಿಂದ ಫೋನ್ ಬರುವುದು. ಕೊನೆಗೆ ನಾನೇ ‘ಇದನ್ನು ಮುಟ್ಟಬೇಡಿ’ ಎಂದು ಚೀಟಿ ಬರೆದು ಟೇಪು ಹಚ್ಚಿದೆ. ಅತ್ತೆಗೆ ಓದಲು ಬರಲೆಂದು ಉರ್ದುವಿನಲ್ಲಿ, ದಪ್ಪ ಅಕ್ಷರಗಳಲ್ಲಿ.

ಕಳೆದ ರಂಝಾನಿನ ಒಂದು ರಾತ್ರಿ, ಸಹರಿಗೆ ಇನ್ನೂ ಒಂದು ಗಂಟೆಯಿತ್ತು. ಕರೆಂಟ್ ಇತ್ತು, ಇಂಟರ್‌ನೆಟ್ ಹೋಗಿತ್ತು. ಅತ್ತೆ ಆ ಎರಡು ಪದ ಹೇಳಿದರು. ಸ್ಪೀಕರ್ ಇಂಗ್ಲಿಷಿನಲ್ಲಿ ಏನೋ ಕ್ಷಮೆ ಕೇಳಿತು. ಮತ್ತೆ ಹೇಳಿದರು, ಮತ್ತದೇ ಉತ್ತರ. ನಮ್ಮನ್ನು ಎಬ್ಬಿಸಬಾರದೆಂದು ಕತ್ತಲಲ್ಲೇ ಬಚ್ಚಲಿಗೆ ಹೊರಟವರು ಹೊಸ್ತಿಲು ಎಡವಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ನಾನು ಕೇಳಿದೆ, “ಸ್ವಿಚ್ ಪಕ್ಕದಲ್ಲೇ ಇತ್ತಲ್ಲಾ ಅಮ್ಮಿ?”

“ಮುಟ್ಟಬೇಡಿ ಅಂತ ನೀನೇ ಬರೆದಿದ್ದೀಯಲ್ಲ ಮಗಳೇ.”

ಸಹೋದರಿಯರೇ, ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಹುಡುಗ ಸ್ವಿಚ್ಚನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದ. ಬಲ್ಬ್ ಉರಿಯಿತು! ಇಂತಹ ಬಲ್ಬುಗಳಲ್ಲಿ ಹೆಚ್ಚಿನವು ಹೀಗೆ ಮಾಡಿದರೆ ಇಂಟರ್‌ನೆಟ್ ಇಲ್ಲದೆಯೂ ಹತ್ತಿಕೊಳ್ಳುತ್ತವಂತೆ. ನಿಮ್ಮ ಮನೆಯಲ್ಲಿದ್ದರೆ ಇಂದೇ ಮಾಡಿ ನೋಡಿ, ಹಿರಿಯರಿಗೆ ತೋರಿಸಿ. ಆ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದಿದ್ದರೆ ಸಾಕಿತ್ತು.

ಅವನೇ ಇನ್ನೊಂದು ವಿಷಯವನ್ನೂ ತಿಳಿಸಿದ. ನಾವು ಕೋಣೆಯಲ್ಲಿ ಆಡಿದ ಮಾತು ನೇರವಾಗಿ ಬಲ್ಬಿಗೆ ಹೋಗುವುದಿಲ್ಲ. ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಅಪ್ಪಣೆಯಾಗಿ ಮರಳಬೇಕು. 2025ರ ಅಕ್ಟೋಬರ್ 20ರಂದು ಅಮೆರಿಕದಲ್ಲಿ ಅಮೆಝಾನಿನ ಕಂಪ್ಯೂಟರ್ ಕೇಂದ್ರದಲ್ಲಿ ದೋಷವಾದಾಗ ಎಷ್ಟೋ ಮನೆಗಳ ಅಲೆಕ್ಸಾ ಮೂಕವಾಯಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಅಮೆರಿಕದ ಕಂಪೆನಿಯೇ ಮುನ್ಸೂಚನೆಯಿಲ್ಲದೆ ತನ್ನ ಸರ್ವರುಗಳನ್ನು ನಿಲ್ಲಿಸಿತ್ತು; ಹಣ ಕೊಟ್ಟು ಕೊಂಡವರು ಕಣ್ಣು ಬಿಡುತ್ತ ಕುಳಿತರು. ಪಕ್ಕದ ಗೋಡೆಯ ದೀಪಕ್ಕೆ ಸಮುದ್ರದಾಚೆಯ ಅನುಮತಿ! (ನನ್ನ ಬಿ.ಎ. ಪದವಿಗೆ ಇದು ತಿಳಿದಿರಲಿಲ್ಲ.)

ಮೈದುನ ಫೋನಿನಲ್ಲಿ ಅತ್ತರು. ನಾನು ಅವರನ್ನು ದೂರಲಿಲ್ಲ. ಚೀಟಿ ನನ್ನದಲ್ಲವೇ?

ಈಗ ಅತ್ತೆಯ ಮಂಚದ ಬಳಿ ಮಾಮೂಲಿ ಬಲ್ಬ್ ಇದೆ, ಕೈಗೆಟಕುವಂತೆ ಹೊಸ ಸ್ವಿಚ್ ಇದೆ. ಮಲಗುವ ಮುನ್ನ ಅದನ್ನು ಎರಡು ಬಾರಿ ಒತ್ತಿ ನೋಡುತ್ತಾರೆ. ಬಲಗೈ ಇನ್ನೂ ಪೂರ್ತಿ ಮಡಚುವುದಿಲ್ಲ. ಎಡಗೈಯಿಂದಲೇ ಒತ್ತುತ್ತಾರೆ.