13 ಅಡಿ ಜಾಗ, ಎರಡೂಕಾಲು ಅಡಿ ಗಾಲಿಕುರ್ಚಿ

ನಮ್ಮ ಗದಗ ಸೀಮೆಯಲ್ಲಿ ಅಣ್ಣತಮ್ಮಂದಿರು ಪಾಲಾದರೆ ಮನೆಯನ್ನು ಉದ್ದಕ್ಕೆ ಸೀಳುತ್ತಾರೆ. ಹಿಂದಿನ ಪಾಲು ಯಾರಿಗೂ ಬೇಡ, ಎಲ್ಲರಿಗೂ ಓಣಿಗೆ ಮುಖ ಬೇಕು. ಹೀಗಾಗಿ 39 ಅಡಿ ಅಗಲವಿದ್ದ ನಮ್ಮ ಅಜ್ಜನ ಮಣ್ಣಿನ ಮಾಳಿಗೆ ಮನೆ ಮೂರು ಪಾಲಾಯಿತು. ನಮ್ಮಪ್ಪನಿಗೆ ಬಂದದ್ದು 13 ಅಡಿ ಅಗಲ, 41 ಅಡಿ ಉದ್ದ. ಎರಡೂ ಕಡೆ ಬೇರೆಯವರ ಗೋಡೆ. ಮುಂದೆ ಓಣಿ, ಹಿಂದೆ ಒಂದಿಷ್ಟು ಹಿತ್ತಲು. ನಿಮ್ಮೂರಲ್ಲೂ ಇಂಥ ರೈಲು ಡಬ್ಬಿಗಳು ಹತ್ತಾರು ಇರುತ್ತವೆ.

ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಅವ್ವ, ನಾನು ಮತ್ತು ಕಾಕಾ ಇದ್ದೆವು. ಕಾಕಾ ಮದುವೆಯಾದವರಲ್ಲ. ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಎಡಗಾಲು ಮೊಣಕಾಲ ಮೇಲಕ್ಕೆ ಹೋಯಿತು. ಆ ಖರ್ಚಿಗೆ ತಮ್ಮ ಪಾಲಿನ ಜಾಗವನ್ನು ದೊಡ್ಡಪ್ಪನ ಮಗನಿಗೇ ಮಾರಿದರು. ಕೃತಕ ಕಾಲು ಹಾಕಿ ನೋಡಿದರು, ಗಾಯವಾಗುತ್ತಿತ್ತು, ಬಿಟ್ಟರು. ಈಗ ಗಾಲಿಕುರ್ಚಿ.

ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಮಾಳಿಗೆಯ ಒಂದು ಮೂಲೆ ಕುಸಿಯಿತು. ದೊಡ್ಡಪ್ಪನ ಮಗ ಅಣ್ಣ ಬಂದು ನೇರವಾಗಿಯೇ ಹೇಳಿದ: ‘ಈ ಜಾಗ ನನಗ ಕೊಟ್ಟುಬಿಡ್ರಿ. ಆ ರೊಕ್ಕದಾಗ ಊರ ಹೊರಗ ಪ್ಲಾಟ್ ತಗೊಂಡು ಆರಾಮ ಕಟ್ಕೋರಿ. ಈ ಸಂದಿಯಾಗ ಏನ್ ಕಟ್ತೀರಿ?’ ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. 30-40ರ ಪ್ಲಾಟಿನಲ್ಲಿ ಮನೆ ಕಟ್ಟುವುದು ಸುಲಭ, ನಾಲ್ಕೂ ಕಡೆ ಕಿಟಕಿ ಬರುತ್ತದೆ. ಆದರೆ ಕಾಕಾನ ಗಿರಾಕಿಗಳು ಬರುವುದು ಬಸ್ ಸ್ಟ್ಯಾಂಡ್ ಹತ್ತಿರದ ಈ ಓಣಿಗೆ. ಸುಟ್ಟ ಮೋಟಾರನ್ನು ಬೈಕಿನ ಮೇಲೆ ಹೇರಿಕೊಂಡು ಬರುವ ರೈತ ಊರ ಹೊರಗಿನ ಪ್ಲಾಟು ಹುಡುಕಿಕೊಂಡು ಹೋಗುವುದಿಲ್ಲ. ಜಾಗ ಮಾರಿದರೆ ಕಾಕಾನ ಕೆಲಸವನ್ನೂ ಮಾರಿದಂತೆ. ಆ ಕೆಲಸ ಹೋದರೆ ಅವರು ದಿನವಿಡೀ ಗೋಡೆ ನೋಡುತ್ತ ಕೂರಬೇಕು. ಅದಕ್ಕೇ ಅಲ್ಲೇ ಕಟ್ಟೋಣ ಎಂದೆವು.

ಪೇಟೆಯ ಒಬ್ಬ ಎಂಜಿನಿಯರ್ ಹತ್ತಿರ ನಕ್ಷೆ ಮಾಡಿಸಿದೆ. 13 ಅಡಿಯ ಜಾಗಕ್ಕೆ ಅವರ ಕಂಪ್ಯೂಟರಿನಲ್ಲಿ ಮೊದಲೇ ಒಂದು ನಕ್ಷೆ ಇತ್ತು. ಎರಡೂವರೆ ಅಡಿ ಎತ್ತರದ ಪಾಯ, ಮುಂದೆ ನಾಲ್ಕು ಮೆಟ್ಟಿಲು, ಹಾಲ್, ಅಡುಗೆ ಮನೆ, ಮೆಟ್ಟಿಲ ಕೆಳಗೆ ಮೂರು ಅಡಿ ಅಗಲದ ಪಾಯಖಾನೆ. ನೋಡಲು ಚೆಂದವೇ ಇತ್ತು. ಕಾಕಾ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿ ಕೇಳಿದರು: ‘ಇದರಾಗ ನಾ ಎಲ್ಲಿದ್ದೀನೋ ತಮ್ಮಾ?’

ಮರುದಿನ ನಾವು ಮಾಡಿದ್ದನ್ನು ಮನೆ ಕಟ್ಟುವ ಯಾರಿಗಾದರೂ ಹೇಳಬಲ್ಲೆ, ಖರ್ಚು ಒಂದು ಚೀಲ ಸುಣ್ಣದ ಪುಡಿ ಅಷ್ಟೇ. ಕಾಳು ಒಣಗಿಸುವ ಕಾಂಕ್ರೀಟ್ ಕಣದಲ್ಲಿ ಮನೆಯನ್ನು ಅದರ ಅಳತೆಯಲ್ಲೇ ಬರೆದೆವು. ಗೋಡೆ ಎಲ್ಲಿ, ಬಾಗಿಲು ಎಲ್ಲಿ, ಮಂಚ ಎಲ್ಲಿ, ಒಲೆ ಎಲ್ಲಿ. ಕಾಕಾ ಆ ಗೆರೆಗಳೊಳಗೆ ಕುರ್ಚಿ ಉರುಳಿಸಿದರು, ಅವ್ವ ನಡೆದಾಡಿ ನೋಡಿದಳು. ಹುಡುಗರು ಸುತ್ತ ನಿಂತು ನಕ್ಕರು. ಆದರೆ ಕಾಗದದಲ್ಲಿ ಕಾಣದ ಎಷ್ಟೋ ಸಂಗತಿ ಅರ್ಧ ಗಂಟೆಯಲ್ಲಿ ಕಂಡವು. ಕುರ್ಚಿಯ ಅಗಲ ಎರಡೂಕಾಲು ಅಡಿ. ಎರಡೂವರೆ ಅಡಿ ಬಾಗಿಲಿದ್ದರೆ ತೂರಬಹುದು, ಆದರೆ ಗಾಲಿ ತಳ್ಳುವ ಕೈಗೆಣ್ಣು ಚೌಕಟ್ಟಿಗೆ ತಿಕ್ಕುತ್ತದೆ. ಮೂರು ಅಡಿ ಖುಲ್ಲಾ ಬೇಕು. ಒಂದು ಸುತ್ತು ತಿರುಗಲು ಐದು ಅಡಿಗೆ ಐದು ಅಡಿ ಬೇಕು. ಎರಡು ಗೋಡೆ ಕಳೆದರೆ ನಮಗೆ ಒಳಗೆ ಉಳಿಯುವುದೇ ಹನ್ನೊಂದೂವರೆ ಅಡಿ!

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಎತ್ತರದ್ದು. ಗಾಲಿಕುರ್ಚಿಯ ಇಳಿಜಾರಿಗೆ ಲೆಕ್ಕ ಇದೆ: ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದರೆ ಒಬ್ಬರೇ ಹತ್ತಲಾಗುವುದಿಲ್ಲ, ಇಳಿಯುವಾಗ ಕುರ್ಚಿ ಓಡುತ್ತದೆ. ಎರಡೂವರೆ ಅಡಿ ಪಾಯಕ್ಕೆ 30 ಅಡಿ ಇಳಿಜಾರು. ಅಷ್ಟು ಜಾಗ ಓಣಿಯಲ್ಲಿ ಯಾರು ಬಿಡುತ್ತಾರೆ? ಸರ್ಕಾರಿ ಕಟ್ಟಡಗಳ ಮುಂದೆ ಮೂರು ಮೆಟ್ಟಿಲ ಪಕ್ಕ ಆರು ಅಡಿಯ ಇಳಿಜಾರು ಕಟ್ಟಿ ಕಂಬಿ ಹಾಕಿರುವುದನ್ನು ನೋಡಿರುತ್ತೀರಿ. ಅದು ಫೋಟೋ ತೆಗೆಸುವುದಕ್ಕೆ ಇರುವುದು.

ನಮ್ಮ ಗೌಂಡಿ ಹಿರಿಯರು. ಅವರು ನೀರು ತುಂಬಿದ ಲೆವೆಲ್ ಪೈಪು ಹಿಡಿದು ಓಣಿಯಿಂದ ಹಿತ್ತಲಿನವರೆಗೆ ಅಳೆದರು. ಹಿತ್ತಲು ಒಂದು ಅಡಿ ಎತ್ತರವಿತ್ತು. ಮಾಮೂಲಿಯಾಗಿ ಮುಂದಿನ ತಗ್ಗಿಗೆ ಗರಸು ತುಂಬಿ ಎಲ್ಲ ಸಮ ಮಾಡುತ್ತಾರೆ. ‘ತುಂಬೋದ್ಯಾಕ? ಜಾಗ ಏರೇದ, ಮನಿನೂ ಏರ್ಲಿ’ ಅಂದರು. ಇಡೀ ಮನೆಯ ಗಂಟು ಬಿಚ್ಚಿದ್ದು ಆ ಒಂದು ಮಾತಿನಲ್ಲಿ.

ಮುಂದಿನ ಕೋಣೆ ಕಾಕಾನ ಅಂಗಡಿಯಾಯಿತು, ಓಣಿಗಿಂತ ಬರೀ ನಾಲ್ಕು ಇಂಚು ಮೇಲೆ. ಚರಂಡಿ ಮೇಲಿನ ಚಪ್ಪಡಿ ಕಲ್ಲು ನಾಲ್ಕು ಅಡಿ ಇದೆ, ಆ ನಾಲ್ಕು ಇಂಚು ಅದರಲ್ಲೇ ಏರಿತು. ಅಂಗಡಿ ದಾಟಿದರೆ ಎಡಗೋಡೆಗುಂಟ ಮೂರೂವರೆ ಅಡಿ ಅಗಲ, 12 ಅಡಿ ಉದ್ದದ ಇಳಿಜಾರು. ಅದರ ಬಲಕ್ಕೆ ಕಾಕಾ ಮಲಗುವ ಕೋಣೆ, ಅದರ ಬಾಗಿಲು ಇಳಿಜಾರಿನ ಮೇಲ್ತುದಿಗೆ. ಆಮೇಲೆ ಅಡುಗೆ ಮನೆ ಸೇರಿದ ಪಡಸಾಲೆ, ಬಚ್ಚಲು, ಹಿತ್ತಲು. ಮೆಟ್ಟಿಲು ಒಂದೂ ಇಲ್ಲ.

ಹಿಂಬಾಗಿಲಿನಿಂದ ಇನ್ನೂ ಸುಲಭವಾಗಿ ಒಳಗೆ ಬರಬಹುದಿತ್ತು ಎಂದು ಕೆಲವರು ಹೇಳಿದರು. ನಿಜ. ಆದರೆ ಮನೆಗೆ ಬಂದವರೆಲ್ಲ ಮುಂದಿನಿಂದ ಬಂದು ಕಾಕಾ ಒಬ್ಬರು ಮಾತ್ರ ಸೆಗಣಿ ತಿಪ್ಪೆ ಸುತ್ತಿ ಹಿಂದಿನಿಂದ ಬರುವುದು ನನಗೆ ಸರಿ ಕಾಣಲಿಲ್ಲ. ಅವರಿಗಂತೂ ಆ ಮಾತು ಕೇಳಿಯೇ ಸಿಟ್ಟು ಬಂದಿತ್ತು.

ನಿಜವಾದ ಜಗಳ ಹುಟ್ಟಿದ್ದು ಹೊಸ್ತಿಲಿಗೆ. ಕುರ್ಚಿಗೆ ಹೊಸ್ತಿಲು ಶತ್ರು. ಅವ್ವ ಮಾತ್ರ ‘ಹೊಸ್ತಿಲಾ ಇಲ್ಲದ್ದು ಮನಿಯೇನು? ಮುಂಜಾನೆದ್ದು ನಾ ಎಲ್ಲಿ ಕುಂಕುಮ ಹಚ್ಚಲಿ?’ ಎಂದು ಕೂತಳು. ‘ವೈನಿ, ಆ ಹೊಸ್ತಿಲಾ ದಾಟ್ಸಾಕ ದಿನಾ ಇಬ್ಬರು ಬೇಕು ನನಗ’ ಎಂದರು ಕಾಕಾ. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಕೊನೆಗೆ ಗೌಂಡಿ ಹಳೇ ಮನೆಯ ಕಲ್ಲಿನ ಹೊಸ್ತಿಲನ್ನೇ ತಂದು, ಅದರ ಮೇಲ್ಮೈ ನೆಲಕ್ಕೆ ಸಮ ಬರುವಂತೆ ಹೂತು ಕೂರಿಸಿದರು. ಮಳೆ ನೀರು ಒಳಗೆ ಬರದಂತೆ ಅದರ ಮುಂದೆ ಕಬ್ಬಿಣದ ಜಾಳಿಗೆ ಹೊದಿಸಿದ ಸಣ್ಣ ಕಾಲುವೆ. ಅವ್ವ ಈಗಲೂ ಅದೇ ಕಲ್ಲಿಗೆ ಅರಿಶಿಣ ಕುಂಕುಮ ಹಚ್ಚುತ್ತಾಳೆ. ಗಾಲಿಗೆ ಕುಂಕುಮ ಮೆತ್ತಿ ಅಂಗಡಿಯ ತುಂಬ ಗೆರೆ ಮೂಡುತ್ತದೆ, ಅದಕ್ಕೊಂದು ಬೈಗುಳ ಇದ್ದೇ ಇರುತ್ತದೆ.

ಬಚ್ಚಲಿನ ವಿಷಯ ಬರೆಯಲು ನಾಚಿಕೆ ಬೇಡ. ಕಾಲು ಹೋದ ಮೇಲೆ ಕಾಕಾ ಒಬ್ಬರೇ ಸ್ನಾನ ಮಾಡಿರಲಿಲ್ಲ. ನಾನು ಸುದ್ದಿಗೆ ಹೋದ ದಿನ ಪಕ್ಕದ ಮನೆ ಹುಡುಗನನ್ನು ಕರೆಯಬೇಕಿತ್ತು, ಅವನಿಲ್ಲದಿದ್ದರೆ ಸ್ನಾನವೇ ಇಲ್ಲ. ಪಾಯಖಾನೆ ಬೇರೆ, ಬಚ್ಚಲು ಬೇರೆ ಮಾಡಿದರೆ ಎರಡರಲ್ಲೂ ಕುರ್ಚಿ ತಿರುಗುವಷ್ಟು ಜಾಗ ಬೇಕು, ನಮ್ಮಲ್ಲಿ ಅಷ್ಟಿಲ್ಲ. ಎರಡನ್ನೂ ಒಂದೇ ಮಾಡಿದರೆ ಆರು ಅಡಿ ಚೌಕದಲ್ಲಿ ಎರಡೂ ಕೆಲಸಕ್ಕೆ ಅದೇ ಜಾಗ ಸಾಕು. ಮೈಲಿಗೆ ಎಂದು ಅವ್ವ ಗೊಣಗಿದಳು, ಒಪ್ಪಿದಳು. ಇಲ್ಲಿ ಮೂರು ಮಾತು ಮುಖ್ಯ. ಬಾಗಿಲು ಹೊರಗೆ ತೆರೆಯಬೇಕು, ಒಳಗೆ ತೆರೆಯುವ ಬಾಗಿಲಾದರೆ ಬಿದ್ದವರ ಮೈ ಅಡ್ಡ ಬಂದು ತೆರೆಯಲಾಗುವುದಿಲ್ಲ. ಕಮೋಡಿನ ಎತ್ತರ ಕುರ್ಚಿಯ ಆಸನಕ್ಕೆ ಸಮ ಇರಬೇಕು, ನಮ್ಮದು 18 ಇಂಚು. ಕೈಹಿಡಿ ಕಂಬಿಗೆ ಇಡೀ ಮೈಭಾರ ಬೀಳುತ್ತದೆ, ಅದಕ್ಕೆ ಗೋಡೆ ಕಟ್ಟುವಾಗಲೇ ಆ ಜಾಗದಲ್ಲಿ ಕಾಂಕ್ರೀಟ್ ತುಂಬಿರಬೇಕು. ಪ್ಲಾಸ್ಟರ್ ಆದ ಮೇಲೆ ಎರಡು ಸ್ಕ್ರೂ ಹೊಡೆದರೆ ಕಂಬಿಯೂ ಬರುತ್ತದೆ, ಮನುಷ್ಯನೂ ಬರುತ್ತಾನೆ.

ಹೊಸ ಮನೆಗೆ ಬಂದ ನಾಲ್ಕನೇ ದಿನ ನಾನು ಊರಲ್ಲಿರಲಿಲ್ಲ. ರಾತ್ರಿ ಬಂದಾಗ ಕಾಕಾ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಅಂಗಡಿಯಲ್ಲಿ ಕೂತಿದ್ದರು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವ್ವನ ದೇಹವೂ ಒಂದು ಅಳತೆ. ಅವಳು ಗಿಡ್ಡ, ಮೊಣಕಾಲು ನೋವು, ಕೆಳಗೆ ಕೂತರೆ ಏಳಲಾಗುವುದಿಲ್ಲ. ನಿಂತು ಮಾಡುವ ಒಲೆಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿದು ನೋಡಿ, ನಾಲ್ಕನೇ ರೊಟ್ಟಿಗೆ ಭುಜ ಹಿಡಿಯುತ್ತದೆ. ರೊಟ್ಟಿಗೆ ಮೇಲಿನಿಂದ ಭಾರ ಬೀಳಬೇಕು. ಅದಕ್ಕೆ ಕಟ್ಟೆಯನ್ನು ಎರಡು ಎತ್ತರ ಮಾಡಿದೆವು. ರೊಟ್ಟಿಯ ಕಲ್ಲು 24 ಇಂಚಿಗೆ, ಅವಳು ಸ್ಟೂಲಿನ ಮೇಲೆ ಕೂತು ಬಡಿಯುತ್ತಾಳೆ. ಇನ್ನೊಂದು 30 ಇಂಚಿಗೆ, ಕೆಳಗೆ ಏನೂ ಇಡದೆ ಖಾಲಿ ಬಿಟ್ಟಿದ್ದೇವೆ. ಕಾಕಾನ ಮೊಣಕಾಲು ಅದರೊಳಗೆ ಹೋಗುತ್ತದೆ, ಚಹಾ ಅವರೇ ಮಾಡಿಕೊಳ್ಳುತ್ತಾರೆ. ಸಕ್ಕರೆ ಎಷ್ಟು ಹಾಕಿಕೊಳ್ಳುತ್ತಾರೋ ಎಂಬುದು ಈಗ ಹೊಸ ಚಿಂತೆ.

ಪಕ್ಕದ ಗೋಡೆಗಳಿಗೆ ಕಿಟಕಿ ಇಡುವಂತಿಲ್ಲ. ಬೆಳಕಿಗೆ ಹಿರಿಯರ ಉಪಾಯವನ್ನೇ ಹಿಡಿದೆವು: ಬೆಳಕಿಂಡಿ. ಇಳಿಜಾರಿನ ಮೇಲೆ ಛಾವಣಿಯಲ್ಲಿ ಮೂರಕ್ಕೆ ನಾಲ್ಕು ಅಡಿ ಖಾಲಿ ಬಿಟ್ಟು, ಸುತ್ತ ಒಂದು ಅಡಿ ಗೋಡೆ ಎತ್ತಿ, ಮೇಲೆ ಗಾಜು. ಗೋಡೆಗೂ ಗಾಜಿಗೂ ನಡುವೆ ಬಿಸಿ ಗಾಳಿ ಹೋಗಲು ಸಂದು. ಮಧ್ಯಾಹ್ನ ಮನೆಯ ನಡುಭಾಗದಲ್ಲಿ ಲೈಟ್ ಬೇಡ.

ಪಾಯ ತೋಡುವಾಗ ಇನ್ನೊಂದು ಸಂಗತಿ. ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಗರಸು ಸಿಗುವವರೆಗೆ ತೋಡಲೇಬೇಕು. ಪಡಸಾಲೆಯ ಜಾಗದಲ್ಲಿ ಹಾರೆ ಧಡಕ್ಕನೆ ಒಳಗೆ ಹೋಯಿತು. ಅಜ್ಜನ ಕಾಲದ ಹಗೇವು! ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಹಳೇ ಊರ ಜಾಗದಲ್ಲಿ ಕಟ್ಟುವವರು ಮೊದಲು ಹಿರಿಯರನ್ನು ಕೇಳಿ, ಹಗೇವು ಎಲ್ಲಿತ್ತು ಎಂದು. ಅದಕ್ಕೆ ಕಸ, ಮುರಿದ ಇಟ್ಟಿಗೆ ಸುರಿದು ಮುಚ್ಚುವವರಿದ್ದಾರೆ, ಆಮೇಲೆ ನೆಲ ಕೂರುತ್ತದೆ. ನಾವು ಆರಾರು ಇಂಚು ಗರಸು ಹಾಕಿ, ನೀರು ಬಿಟ್ಟು, ದಮ್ಮಸು ಹೊಡೆದು ತುಂಬಿದೆವು. ಎಂಟು ದಿನ ಹೋಯಿತು.

ಸುದ್ದಿಗೆಂದು ತಿರುಗುವ ನನಗೆ ಈಗ ಎಲ್ಲಿ ಹೋದರೂ ಇದೇ ಕಣ್ಣು. 2009ರ ನೆರೆಯ ನಂತರ ಬಾಗಲಕೋಟೆ ಕಡೆ ಕಟ್ಟಿದ ಹೊಸ ಊರುಗಳಿಗೆ ಹೋಗಿ ನೋಡಿ. ಸಾಲಾಗಿ ಒಂದೇ ಥರದ ಮನೆಗಳು. ಕುಣಿ ಮಗ್ಗದ ನೇಕಾರನಿಗೆ ಕಾಲು ಇಳಿಬಿಡಲು ನೆಲದಲ್ಲಿ ಗುಂಡಿ ಬೇಕು. ಆ ಗುಂಡಿಯ ತಂಪಿಗೆ ನೂಲು ಹರಿಯುವುದು ಕಡಿಮೆ. ಅದಕ್ಕೆ ಜಾಗವಿಲ್ಲದ ಮನೆ ಅವನಿಗೆ ಅರ್ಧ ಮನೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ ಇರಬೇಕು. ಬಯಲು ಸೀಮೆಗೆ ಸಹಾಯಧನ 1.20 ಲಕ್ಷ ರೂಪಾಯಿ ಎಂದು ಯೋಜನೆ ಶುರುವಾದಾಗ ನಿಗದಿಯಾಗಿತ್ತು. ಕಟ್ಟಿಸಬೇಕಾದವರು ಗುತ್ತಿಗೆದಾರರಲ್ಲ, ಫಲಾನುಭವಿಗಳೇ. ಅಂದಮೇಲೆ ಬಾಗಿಲು ಎಷ್ಟು ಅಗಲ, ಕಮೋಡು ಎಷ್ಟು ಎತ್ತರ ಎಂದು ಕೇಳುವ ಬಾಯಿ ನಮಗಿದೆ.

ಡಿಪ್ಲೊಮಾ ಓದುವಾಗ ಗ್ರಂಥಾಲಯದಲ್ಲಿ ಲಾರಿ ಬೇಕರ್ ಬಗ್ಗೆ ಓದಿದ್ದೆ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಕೇರಳದಲ್ಲಿ ನೆಲೆಸಿ, ಬಡವರಿಗೆ ಅಗ್ಗದ ಮನೆ ಕಟ್ಟಿಕೊಟ್ಟವರು. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಅವರ ಗೋಡೆಗೆ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ನಮ್ಮ ಗೌಂಡಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಒಳಗಿನ ಗೋಡೆಗಳಿಗೆ ಒಪ್ಪಿದರು, ಹೊರಗೋಡೆಗೆ ‘ಬ್ಯಾಡ ತಮ್ಮಾ’ ಅಂದರು.

ನಷ್ಟವೂ ಇದೆ. ಇಳಿಜಾರು 42 ಚದರ ಅಡಿ ತಿಂದಿತು, ಅಷ್ಟರಲ್ಲಿ ನನಗೊಂದು ಸಣ್ಣ ಕೋಣೆಯಾಗುತ್ತಿತ್ತು. ನಾನು ಮಲಗುವುದು ಅಂಗಡಿಯಲ್ಲಿ, ವಾರ್ನಿಶ್ ವಾಸನೆಯ ನಡುವೆ. ಮದುವೆಗೆ ಹೆಣ್ಣು ನೋಡಲು ಹೋದಲ್ಲಿ ‘ಹುಡುಗನ ಕೋಲಿ ಯಾವುದು?’ ಎಂದು ಕೇಳಿದ್ದಾರೆ. ಕಳೆದ ಜುಲೈನಲ್ಲಿ ಜೋರು ಮಳೆಗೆ ಅಂಗಡಿಯೊಳಗೆ ಎರಡು ಬೆರಳು ನೀರು ಬಂತು. ಮೋಟಾರುಗಳನ್ನು ಕಡಪಾ ಕಲ್ಲಿನ ಹಲಗೆ ಮೇಲೆ ಇಟ್ಟಿದ್ದರಿಂದ ಏನೂ ಆಗಲಿಲ್ಲ.

ಈಗ ಓಣಿಗೆ ಮತ್ತೆ ಸಿಸಿ ರಸ್ತೆ ಮಂಜೂರಾಗಿದೆ. ಹಳೇ ಕಾಂಕ್ರೀಟ್ ಅಗೆಯದೆ ಅದರ ಮೇಲೇ ಹೊಸದು ಸುರಿಯುವುದು ಎಲ್ಲ ಊರಲ್ಲೂ ನಡೆಯುವುದೇ. ಆರು ಇಂಚು ಬಿದ್ದರೆ ನಮ್ಮ ಅಂಗಡಿಯ ನೆಲ ಓಣಿಗಿಂತ ಎರಡು ಇಂಚು ಕೆಳಗೆ ಹೋಗುತ್ತದೆ. ಹಳೇ ಪದರು ತೆಗೆದು, ಇದ್ದ ಮಟ್ಟಕ್ಕೇ ಹೊಸದು ಹಾಕಿ ಎಂದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಓಣಿಯ ಹನ್ನೊಂದು ಮನೆಯವರು ಸಹಿ ಹಾಕಿದ್ದಾರೆ, ಮೊದಲ ಸಹಿ ದೊಡ್ಡಪ್ಪನ ಮಗ ಅಣ್ಣನದು. ಕಾಕಾ ಚೌಕಟ್ಟಿನ ಪಕ್ಕದ ಗೋಡೆಗೆ ಈಗಿನ ರಸ್ತೆಯ ಮಟ್ಟಕ್ಕೆ ಕೆಂಪು ಬಣ್ಣದ ಗೆರೆ ಎಳೆದಿಟ್ಟಿದ್ದಾರೆ. ಅರ್ಜಿಗೆ ಹಿಂಬರಹ ಇನ್ನೂ ಬಂದಿಲ್ಲ.