ದಂದಕ್ಕಿ ಇಲ್ಲದ ಮನೆ

ಹುಬ್ಬಳ್ಳಿಯಿಂದ ಸೊಲ್ಲಾಪುರದ ಕಡೆ ಹೊರಟ ಬಸ್ಸು ನರಗುಂದ ದಾಟಿ ಕೊಣ್ಣೂರು ಮುಟ್ಟಿದಾಗ ಇಳಿದುಬಿಡಿ. ಎತ್ತ ನೋಡಿದರೂ ಎರಿ ಹೊಲ. ಮಲಪ್ರಭೆಯ ಸೇತುವೆ ಮೇಲೆ ನಿಂತರೆ ಬೇಸಿಗೆಯಲ್ಲಿ ಹೊಳೆ ಎಲ್ಲಿದೆ ಎಂದು ಜಾಲಿಕಂಟಿಗಳ ನಡುವೆ ಹುಡುಕಬೇಕು. ದಂಡೆಯ ಹೊಲಗಳು ವರ್ಷಕ್ಕಿಷ್ಟು ಎಂದು ಪಾತ್ರದೊಳಗೇ ಇಳಿದಿವೆ. ಇಷ್ಟು ಸಣ್ಣ ಹೊಳೆ ಊರಿಗೆ ಊರೇ ನುಂಗಿತೆಂದರೆ ಹೊಸಬರು ನಂಬುವುದಿಲ್ಲ.

ಆದರೆ ನುಂಗಿದ್ದು ನಿಜ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ಬೆಣ್ಣಿಹಳ್ಳವೂ ಮಲಪ್ರಭೆಯೂ ಕೂಡಿಯೇ ಉಕ್ಕಿದವು. ಮಣ್ಣಿನ ಮಾಳಿಗೆಗಳು ನೆನೆದು ನೆನೆದು, ಒಳಗೆ ಮಲಗಿದವರ ಮೇಲೇ ಕುಸಿದವು. ಉತ್ತರ ಕರ್ನಾಟಕದಲ್ಲಿ ಸತ್ತವರು 200ಕ್ಕೂ ಹೆಚ್ಚು. ಊರುಗಳನ್ನೇ ಎತ್ತರದ ಜಾಗಕ್ಕೆ ಒಯ್ಯಲು ಸರ್ಕಾರ ‘ಆಸರೆ’ ಯೋಜನೆ ತಂದಿತು. ಜಾಗ ಸರ್ಕಾರದ್ದು, ಮನೆ ಕಟ್ಟಿಸುವುದು ಉದ್ಯಮಗಳು, ಮಠಗಳು, ದಾನಿಗಳು.

ಈಗ ದಂಡೆ ಬಿಟ್ಟು, ಹಾಗೆ ಎದ್ದ ಯಾವುದಾದರೂ ಒಂದು ನವಗ್ರಾಮಕ್ಕೆ ನಡೆಯಿರಿ. ಅಳತೆ ಹಿಡಿದು ಗೆರೆ ಎಳೆದಂಥ ಓಣಿಗಳು, ಒಂದೇ ಅಚ್ಚಿನ ಮನೆಗಳು. ಕೆಲವದರ ಅಂಗಳದಲ್ಲಿ ರಂಗೋಲಿ ಇದೆ, ತಂತಿಯ ಮೇಲೆ ಸೀರೆ ಒಣಗುತ್ತಿದೆ. ಇನ್ನು ಕೆಲವದಕ್ಕೆ ಬೀಗ. ಕೀಲಿಯೇ ಬೇಡದ ಮನೆಗಳೂ ಇವೆ, ಬಾಗಿಲನ್ನೇ ಯಾರೋ ಒಯ್ದಿದ್ದಾರೆ. ಗೋಡೆಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕಿನಲ್ಲಿ ಕೈಬೆರಳು ಹೋಗುತ್ತದೆ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಗಟ್ಟಿ ತಳಪಾಯ ಇಲ್ಲದ ಗೋಡೆ ಅದರ ಜೊತೆಗೇ ಸೀಳುತ್ತದೆ.

ಒಳಗೆ ಬನ್ನಿ. ಒಂದು ಕೋಣೆ, ಒಂದು ಅಡುಗೆಮನೆ. ಈಗ ದಂಡೆಯ ಮೇಲೆ ಉಳಿದಿರುವ ಹಳೆ ಮನೆಯನ್ನು ನೆನೆಯಿರಿ: ಹೊಸ್ತಿಲು ದಾಟಿದರೆ ದಂದಕ್ಕಿ, ಅಲ್ಲಿ ಗ್ವಾದಲಿಗೆ ಬಾಯಿ ಹಾಕಿ ನಿಂತ ಎತ್ತು, ಎಮ್ಮೆ. ಒಂದು ಮೆಟ್ಟಿಲು ಏರಿದರೆ ಪಡಸಾಲೆ, ಮನೆಮಂದಿಯೆಲ್ಲ ಅಲ್ಲಿ. ಮಾಳಿಗೆಯ ಮೇಲೆ ಒಣಗುವ ಮೆಣಸಿನಕಾಯಿ, ಹಿತ್ತಲಲ್ಲಿ ಬಣವೆ, ತಿಪ್ಪೆ. ರಾತ್ರಿ ಎತ್ತು ಕೊರಳಾಡಿಸಿದರೆ ಯಜಮಾನನಿಗೆ ಎಚ್ಚರ. ಹೊಸ ಮನೆಯ ನಕ್ಷೆ ಬರೆದವರಿಗೆ ಇದ್ಯಾವುದೂ ಕಾಣಲಿಲ್ಲ. ‘ದನಾ ಎಲ್ಲಿ ಕಟ್ಟೂಣ್ರಿ?’ ಎಂಬ ಪ್ರಶ್ನೆಗೆ ಹಕ್ಕುಪತ್ರದಲ್ಲಿ ಉತ್ತರವಿಲ್ಲ. ಎತ್ತು ಹಳೆ ಊರಲ್ಲಿ ಉಳಿಯಿತು, ಎತ್ತಿನ ಹಿಂದೆ ರೈತನೂ ಉಳಿದ. ಕೂಲಿಗೆ ಹೋಗುವವಳಿಗೆ ಹೊಲ ದೂರವಾಯಿತು. ಮನೆ ಸಿಕ್ಕದ್ದು ಅಪ್ಪನ ಹೆಸರಿಗೆ ಒಂದು. ಲಗ್ನವಾದ ಮೂವರು ಮಕ್ಕಳ ಸಂಸಾರ ಅದರಲ್ಲಿ ಹಿಡಿಸೀತು ಹೇಗೆ?

ಹೀಗಾಗಿ ಬಹಳ ಮಂದಿ ದಂಡೆಯಲ್ಲೇ ಉಳಿದರು. ‘ಮನೆ ಕೊಟ್ಟರೂ ಹೋಗಲಿಲ್ಲ’ ಎಂಬ ಮಾತು ಕಚೇರಿಗಳಲ್ಲಿ ರೂಢಿಗೆ ಬಿತ್ತು.

2019ರ ಆಗಸ್ಟ್ ಬಂತು. ಮೇಲೆ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಹೊಳೆ ತನ್ನ ಪಾತ್ರವನ್ನು ವಾಪಸ್ ಕೇಳಿತು. ಕೊಣ್ಣೂರಿನ ಬಳಿ ಹೆದ್ದಾರಿ ಬಂದ್ ಆಯಿತು. ಕೆಳಗೆ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನೀರು ನಿಂತಿತು. ಜನ ಹಾಸಿಗೆ, ಪಾತ್ರೆ, ಕರು ಕಟ್ಟಿಕೊಂಡು ಓಡಿಬಂದದ್ದು ಇದೇ ಬೀಗದ ಮನೆಗಳಿಗೆ. ಕಂಟಿ ಕಡಿದು, ಬಾಗಿಲಿಲ್ಲದ ಕಡೆ ತಾಡಪತ್ರಿ ಕಟ್ಟಿ ಒಳಹೊಕ್ಕರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು, ಕಂತಿನ ಮೇಲೆ. ಎಷ್ಟೋ ಮಂದಿ ಅದೇ ದಂಡೆಯಲ್ಲಿ, ಅದೇ ಜಾಗದಲ್ಲಿ ಮತ್ತೆ ತಳಪಾಯ ತೋಡಿದರು.

ನೆಲೆ ತಪ್ಪಿದವರ ಪುನರ್ವಸತಿಯ ಯೋಜನೆಯಲ್ಲಿ ಅವರೇ ಪೂರ್ತಿಯಾಗಿ ಪಾಲ್ಗೊಳ್ಳಬೇಕು ಎಂದು ವಿಶ್ವಸಂಸ್ಥೆಯ ಮಾರ್ಗಸೂಚಿ 1998ರಲ್ಲೇ ಹೇಳಿದೆ. ಮಲಪ್ರಭೆಯ ದಂಡೆಗೆ ಅದು ಇನ್ನೂ ಬಂದು ಮುಟ್ಟಿಲ್ಲ. ಹೊಳೆ ಇನ್ನೊಮ್ಮೆ ಬರುವುದಂತೂ ಖಂಡಿತ. ಅಷ್ಟರೊಳಗೆ ಬಿರುಕು ಬಿಟ್ಟ ಮನೆಗಳನ್ನು ರಿಪೇರಿ ಮಾಡಿಸಿ, ಬೇರೆಯಾದ ಮಕ್ಕಳಿಗೂ ಜಾಗ ಕೊಡಿ, ಓಣಿಗೊಂದು ದನದ ಕೊಟ್ಟಿಗೆ ಕಟ್ಟಿಸಿ. ಮುಂದಿನ ನಕ್ಷೆಯನ್ನು ಬೆಂಗಳೂರಿನ ಮೇಜಿನ ಮೇಲಲ್ಲ, ಊರ ಕಟ್ಟೆಯ ಮೇಲೆ ಕೂತು ಬರೆಯಿರಿ. ದನಕ್ಕೆ ಜಾಗವಿಲ್ಲದ ಊರಿಗೆ ರೈತ ಹೋಗುವುದಿಲ್ಲ.