ಸುಡಾನ್ ಓದಿದವರು ಯಾರಾದ್ರೂ ಇದ್ದೀರಾ?

ಬೆಂಗಳೂರಿನ ನಮ್ಮ ಆಫೀಸಿನ ಯಾವುದಾದರೂ ಒಂದು ಫ್ಲೋರ್‌ನಲ್ಲಿ ನಿಂತು "ಅಮೆರಿಕ ನೋಡಿದವರು ಕೈ ಎತ್ತಿ" ಅಂದರೆ ಅರ್ಧದಷ್ಟು ಕೈಗಳು ಮೇಲೇಳುತ್ತವೆ. ಜರ್ಮನಿ, ಸಿಂಗಪುರ ಅಂದರೂ ಒಂದಷ್ಟು ಏಳುತ್ತವೆ. ಸುಡಾನ್ ಅಂದರೆ ಒಂದೂ ಇಲ್ಲ. ಅದೇ ಪ್ರಶ್ನೆಯನ್ನು ಚನ್ನಗಿರಿ ತಾಲ್ಲೂಕಿನ ಗೋಪನಾಳ್‌ನಲ್ಲೋ ಅಸ್ತಾಪನಹಳ್ಳಿಯಲ್ಲೋ ಹಕ್ಕಿಪಿಕ್ಕಿ ಜನರ ಹತ್ತಿರ ಕೇಳಿ ನೋಡಿ. "ಯಾವ ಸಲ ಹೋಗಿದ್ದು ಕೇಳ್ತಿದ್ದೀರಿ?" ಅಂತ ತಿರುಗಿ ನಿಮ್ಮನ್ನೇ ಕೇಳಿಯಾರು.

2023ರ ಏಪ್ರಿಲ್ 15ರಂದು ಸುಡಾನಿನ ಸೇನೆಗೂ ರ‍್ಯಾಪಿಡ್ ಸಪೋರ್ಟ್ ಫೋರ್ಸಸ್ ಎಂಬ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಾಗ ಗಿಡಮೂಲಿಕೆ, ಎಣ್ಣೆ ಮಾರಲು ಹೋಗಿದ್ದ ನಮ್ಮ ಕಡೆಯ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ಇಲ್ಲಿ ವಿಧಾನಸಭೆ ಚುನಾವಣೆಯ ಕಾವು. 31 ಜನ ಸಿಕ್ಕಿಬಿದ್ದಿದ್ದಾರೆ ಅಂತ ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಮಂತ್ರಿ ಜೈಶಂಕರ್ ಖಾರವಾಗಿ ಉತ್ತರ ಕೊಟ್ಟರು, ಎರಡು ದಿನ ಅದೇ ಸುದ್ದಿ. ಆಮೇಲೆ 'ಆಪರೇಷನ್ ಕಾವೇರಿ' ಶುರುವಾಗಿ ಪೋರ್ಟ್ ಸುಡಾನ್‌ನಿಂದ ಹಡಗು, ಜಿದ್ದಾದಿಂದ ವಿಮಾನ ಅಂತ ಜನ ವಾಪಸ್ ಬಂದರು. ಸಂತೋಷ. ಆದರೆ ಆ ಇಡೀ ವಾರ ನಮ್ಮ ಕನ್ನಡ ಚಾನೆಲ್‌ಗಳಲ್ಲಿ ನಾನು ನೋಡಿದಷ್ಟು ಹೊತ್ತು, ಈ ಇಬ್ಬರು ಜನರಲ್‌ಗಳು ಯಾಕೆ ಹೊಡೆದಾಡುತ್ತಿದ್ದಾರೆ, ದಾರ್ಫುರ್ ಅಂದರೆ ಎಲ್ಲಿ, 2011ರಲ್ಲಿ ದಕ್ಷಿಣ ಸುಡಾನ್ ಯಾಕೆ ಬೇರೆಯಾಯಿತು ಅಂತ ಹೇಳುವ ಒಬ್ಬ ಮನುಷ್ಯ ಸ್ಟುಡಿಯೋದಲ್ಲಿ ಕಾಣಿಸಲಿಲ್ಲ. ಬರೀ ಬಾಂಬಿನ ಗ್ರಾಫಿಕ್ಸ್.

ಚನ್ನಗಿರಿ ಕಡೆ ಮದುವೆಯಾಗಿ ಹೋಗಿರುವ ನನ್ನ ಅಕ್ಕನ ಮಗಳು ಆಗ ಒಂಬತ್ತನೇ ಕ್ಲಾಸು. ಅವಳ ಕ್ಲಾಸ್‌ಮೇಟ್ ಒಬ್ಬಳ ಅಪ್ಪ ಅಲ್ಲಿ ಸಿಕ್ಕಿಕೊಂಡವರಲ್ಲಿ ಒಬ್ಬರು. ಆ ಹುಡುಗಿ ವಾರಗಟ್ಟಲೆ ಸ್ಕೂಲಿಗೆ ಬರಲಿಲ್ಲವಂತೆ. ಇವಳು ಅಟ್ಲಾಸ್ ತೆಗೆದು ಸುಡಾನ್ ಹುಡುಕಿದ್ದಾಳೆ. ಅಲ್ಲಿಂದ ಹತ್ತಿದ ಹುಚ್ಚು ಇಳಿದೇ ಇಲ್ಲ. ಈಗ ಸೆಕೆಂಡ್ ಪಿಯು ಸೈನ್ಸ್. "ಮಾಮ, ನಾನು ಬಿ.ಇ. ಮಾಡಲ್ಲ. ಅರಬ್ಬಿ ಕಲಿತು ಆ ಕಡೆ ದೇಶಗಳನ್ನೇ ಓದ್ತೀನಿ" ಅಂದಳು. ಅಕ್ಕ ನನಗೆ ಫೋನ್ ಮಾಡಿ, "ಏನೋ ಇದು, ನೀನಾದ್ರೂ ಬುದ್ಧಿ ಹೇಳೋ" ಅಂದಳು. ಮನೆಯಲ್ಲಿ ಇಂಜಿನಿಯರ್ ಆದವನು ನಾನೊಬ್ಬನೇ. ಹಾಗಾಗಿ ಊರಿನ ಎಲ್ಲಾ ಮಕ್ಕಳ ಕೆರಿಯರ್ ಕೌನ್ಸೆಲಿಂಗ್ ಪುಕ್ಕಟೆಯಾಗಿ ನನ್ನ ಪಾಲಿಗೆ.

ಬುದ್ಧಿ ಹೇಳುವ ಮುಂಚೆ ಇದು ಏನು ಕೋರ್ಸು ಅಂತ ತಿಳಿದುಕೊಳ್ಳಬೇಕಲ್ಲ. ಒಂದು ತಿಂಗಳು ವೀಕೆಂಡ್‌ಗಳನ್ನು ಅದಕ್ಕೇ ಕೊಟ್ಟೆ.

ಜಗತ್ತಿನ ಒಂದು ಭಾಗವನ್ನು ಹಿಡಿದು, ಅಲ್ಲಿನ ಭಾಷೆ, ಚರಿತ್ರೆ, ಧರ್ಮ, ರಾಜಕೀಯ, ಸಾಹಿತ್ಯ ಎಲ್ಲವನ್ನೂ ಒಂದೇ ಡಿಗ್ರಿಯಲ್ಲಿ ಓದುವುದಕ್ಕೆ 'ಏರಿಯಾ ಸ್ಟಡೀಸ್' ಅನ್ನುತ್ತಾರೆ. ಇದು ಯಾರೋ ಜ್ಞಾನದಾಹಕ್ಕೆ ಕಟ್ಟಿದ್ದಲ್ಲ. ಲಂಡನ್ನಿನಲ್ಲಿ ಪೂರ್ವದೇಶಗಳ ಅಧ್ಯಯನಕ್ಕೆಂದು 1916ರಲ್ಲಿ ಶುರುವಾದ ಸೋಯಾಸ್ ಸಂಸ್ಥೆ ವಸಾಹತುಗಳಿಗೆ ಹೋಗುವ ಅಧಿಕಾರಿಗಳನ್ನು ತಯಾರು ಮಾಡುವ ಜಾಗವಾಗಿತ್ತು. ಅಮೆರಿಕದಲ್ಲಿ 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಮೇಲೆ ಹಾರಿದ್ದೇ ತಡ, ಮರುವರ್ಷವೇ ಕಾನೂನು ಮಾಡಿ ವಿಜ್ಞಾನದ ಜೊತೆಗೆ ಪರದೇಶದ ಭಾಷೆಗಳ ಕಲಿಕೆಗೂ ದುಡ್ಡು ಸುರಿದರು. ಆಳಬೇಕು, ಇಲ್ಲಾ ಗೆಲ್ಲಬೇಕು, ಅದಕ್ಕೆ ಓದಬೇಕು. ಲೆಕ್ಕ ಅಷ್ಟೇ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಗೋಧಿಯ ಕತೆ. ನಮ್ಮೂರು ಜಗಳೂರು ತಾಲ್ಲೂಕು. ಜೋಳ, ರಾಗಿ ತಿಂದು ಬೆಳೆದ ಜನ. ಬರಗಾಲದಲ್ಲಿ ಸೊಸೈಟಿಗೆ ಬರುತ್ತಿದ್ದ ಅಮೆರಿಕದ ಗೋಧಿಯನ್ನು ಏನು ಮಾಡಬೇಕೆಂದು ಗೊತ್ತಾಗದೆ ಅದನ್ನೂ ನುಚ್ಚು ಮಾಡಿ ಬೇಯಿಸಿದ್ದನ್ನು ನಮ್ಮಜ್ಜಿ ಹೇಳುತ್ತಿದ್ದರು. 1954ರ ಪಿ.ಎಲ್. 480 ಕಾಯ್ದೆಯಡಿ ಬಂದ ಆ ಗೋಧಿಗೆ ಭಾರತ ಡಾಲರ್‌ ಬದಲು ರೂಪಾಯಿಯಲ್ಲಿ ದುಡ್ಡು ಕಟ್ಟುತ್ತಿತ್ತು. ಆ ರೂಪಾಯಿಯ ಗುಡ್ಡೆ ಇಲ್ಲೇ ಬಿದ್ದಿರುತ್ತಿತ್ತಲ್ಲ, ಅದರಲ್ಲಿ ಒಂದು ಪಾಲನ್ನು 1960ರ ದಶಕದಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪುಸ್ತಕ ಕೊಳ್ಳಲು ಬಳಸಿತು. ಹಿಂದಿ, ತಮಿಳು, ಕನ್ನಡ, ಎಲ್ಲಾ ಭಾಷೆಯ ಪುಸ್ತಕಗಳೂ ಕಟ್ಟುಕಟ್ಟಾಗಿ ಅಲ್ಲಿನ ಯೂನಿವರ್ಸಿಟಿಗಳಿಗೆ ಹೋದವು. ನಮ್ಮಜ್ಜಿ ನುಚ್ಚು ತಿಂದರು, ಅದರ ದುಡ್ಡಲ್ಲಿ ಅಮೆರಿಕದ ಲೈಬ್ರರಿಗಳಿಗೆ ಕನ್ನಡ ಕಾದಂಬರಿ ಹೋಯಿತು! ಅದರಿಂದ ಒಳ್ಳೆಯದೂ ಆಯಿತು ಅನ್ನಿ. ಅದೇ ಕಾಲದಲ್ಲಿ ಮೈಸೂರಿನ ಎ.ಕೆ. ರಾಮಾನುಜನ್ ಶಿಕಾಗೋದಲ್ಲಿ ಪಾಠ ಮಾಡುತ್ತಿದ್ದರು. 1973ರಲ್ಲಿ ಅವರು ಮಾಡಿದ ವಚನಗಳ ಇಂಗ್ಲಿಷ್ ಅನುವಾದ ಬಂದು ಬಸವಣ್ಣ, ಅಕ್ಕ ಎಲ್ಲಾ ಜಗತ್ತಿನ ಕಿವಿಗೆ ಬಿದ್ದರು.

ಅದಕ್ಕೂ ಮುಂಚೆ ನಮ್ಮ ತಾಲ್ಲೂಕುಗಳನ್ನೇ ಹೊರಗಿನವರು ಓದಿದ್ದರು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೇ ಸಂಪುಟ, 1902ರದ್ದು, ತೆಗೆದು ನೋಡಿ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ನಂಬರ್ ಸಮೇತ ಅದರಲ್ಲಿವೆ. ಇವತ್ತಿನ ನ್ಯಾಮತಿ ಆಗ ಹೊನ್ನಾಳಿಯ ಒಳಗೇ ಇತ್ತು. ಜಗಳೂರಿನವು ಚಿತ್ರದುರ್ಗದ ಸಂಪುಟದಲ್ಲಿವೆ. ನಾವು ದನ ಕಟ್ಟುತ್ತಿದ್ದ ಕಲ್ಲಿಗೂ ಅಲ್ಲಿ ಒಂದು ನಂಬರ್ ಇದ್ದೀತು. ಎಲ್ಲೆಲ್ಲಿಂದಲೋ ಬಂದವರು ನಮ್ಮನ್ನು ಓದಿದ್ದಾರೆ. ನಮ್ಮ ಕಡೆಯಿಂದ ಹೋಗಿ ಬೇರೊಬ್ಬರ ನಾಡನ್ನು ಕೂತು ಓದಿ ಬಂದವರು ಯಾರು? ನನ್ನ ನೆನಪಿಗೆ ಒಬ್ಬರೂ ಬರುತ್ತಿಲ್ಲ. ನಾವು ಹೋಗುವುದು ಕೋಡ್ ಬರೆಯಲು, ಎಣ್ಣೆ ಮಾರಲು. ಹೋದ ಜಾಗ ನಮಗೆ ಮಾರ್ಕೆಟ್ಟು, ಇಲ್ಲಾ ಕ್ಲೈಂಟ್ ಲೊಕೇಶನ್.

ಹಾಗಂತ ನಮ್ಮ ಕಡೆ ಭಾಷೆಗೆ ಬರವಿಲ್ಲ. ಹಕ್ಕಿಪಿಕ್ಕಿಗಳು ಮನೆಯಲ್ಲಿ ಆಡುವ ವಾಗ್ರಿ ಗುಜರಾತಿಗೆ ನೆಂಟ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸೇವಾಲಾಲರ ಊರು. ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣದಿಂದೆಲ್ಲಾ ಜನ ಬರುತ್ತಾರೆ. ಆ ಕಡೆಯ ತಾಂಡಾದವನೊಬ್ಬ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್. ಆಫೀಸ್ ಕೆಲಸಕ್ಕೆ ಜೈಪುರಕ್ಕೆ ಹೋದಾಗ ನಾನು ಹರಕುಮುರುಕು ಹಿಂದಿಯಲ್ಲಿ ಆಟೋದವನ ಜೊತೆ ಗುದ್ದಾಡುತ್ತಿದ್ದರೆ, ಇವನು ಲಂಬಾಣಿಯಲ್ಲೇ ಏನೋ ಅಂದ, ಅವನು ನಕ್ಕು ಮೂವತ್ತು ರೂಪಾಯಿ ಕಮ್ಮಿ ಮಾಡಿದ. ಲಂಬಾಣಿ ರಾಜಸ್ತಾನಿಯ ಬಳಗದ ಭಾಷೆ ಅಂತ ಇಬ್ಬರಿಗೂ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ.

ಇನ್ನು ಅರಬ್ಬಿ. ಅಕ್ಕನಿಗೆ ಅದೇ ದೊಡ್ಡ ಗಂಟಲುಗಾಣ. "ನಮಗೂ ಅದಕ್ಕೂ ಏನೋ ಸಂಬಂಧ?" ಅಂದಳು. ನಾನಂದೆ, ಅಕ್ಕ, ಹೋದ ವಾರ ನೀನು ತಾಲ್ಲೂಕು ಆಫೀಸಿಗೆ ಹೋಗಿ ಅರ್ಜಿ ಕೊಟ್ಟು, ವಕೀಲರನ್ನು ಕಂಡು, ಜಮೀನಿನ ಹಕ್ಕಿನ ಬಗ್ಗೆ ಕೇಳಿ, ಕಂದಾಯ ಇಲಾಖೆಯನ್ನು ಬೈದುಕೊಂಡು ಬಂದೆಯಲ್ಲ. ತಾಲ್ಲೂಕು, ಅರ್ಜಿ, ವಕೀಲ, ಹಕ್ಕು, ಇಲಾಖೆ, ಐದೂ ಅರಬ್ಬಿ ಮೂಲದವೇ. ಜಿಲ್ಲೆಯೂ ಅಷ್ಟೇ. ಆ ಕಡೆ ಎರಡು ನಿಮಿಷ ಮಾತಿಲ್ಲ. ನಂತರ, "ಅದ್ಕೇ ಅಲ್ಲಿ ಕೆಲ್ಸ ಆಗಲ್ಲ ನೋಡು" ಅಂದಳು.

ಓದುತ್ತಾ ಹೋದಂತೆ ನನಗೇ ರುಚಿ ಹತ್ತಿತು. ಸುಡಾನ್ ಜಗತ್ತಿಗೆ ಅತಿ ಹೆಚ್ಚು ಅರಬ್ಬಿ ಗೋಂದು ಕೊಡುವ ದೇಶ; ನಾವು ಕುಡಿಯುವ ಕೋಲಾಗಳಲ್ಲೂ ಅದು ಸೇರುತ್ತದೆ. ಗೋಂದು ಬರುವುದು ನಮ್ಮ ಜಾಲಿಯ ಜಾತಿಯ ಮರದಿಂದ. ಜಗಳೂರಿನ ಬೀಳು ಹೊಲಗಳಲ್ಲಿ ನಿಂತಿರುವ ಕರಿಜಾಲಿಯ ಶಾಸ್ತ್ರೀಯ ಹೆಸರಿನಲ್ಲೇ 'ನಿಲೋಟಿಕಾ' ಇದೆ, ಅಂದರೆ ನೈಲ್ ನದಿಯದು ಅಂತ. ಮಳೆ ಕಮ್ಮಿ, ಮುಳ್ಳು ಜಾಸ್ತಿ, ಕುರಿ ಮೇಯಿಸುವವರಿಗೂ ಬೇಸಾಯದವರಿಗೂ ಹುಲ್ಲು ನೀರಿಗಾಗಿ ತಕರಾರು. ದಾರ್ಫುರದ ಜಗಳದ ಬೇರಿನಲ್ಲೂ ಇದು ಒಂದು. ಜಗಳೂರಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಷ್ಟಕ್ಕೇ "ಓ, ಇದು ನಮ್ಮೂರಿನ ಹಾಗೇ" ಅಂತ ಹೊರಟರೆ ಕೆಟ್ಟಿತು. ನಮ್ಮ ಕುರಿಗಾಹಿಗೆ ಯಾವ ಸರ್ಕಾರವೂ ಬಂದೂಕು ಕೊಟ್ಟು ಇನ್ನೊಬ್ಬರ ಹಳ್ಳಿ ಸುಡು ಅಂತ ಕಳಿಸಿಲ್ಲ. ಅಲ್ಲಿ 2003ರಿಂದ ಹಾಗೆ ಕಳಿಸಿದ ಜಂಜವೀದ್ ಪಡೆಗಳೇ ಮುಂದೆ ಆ ರ‍್ಯಾಪಿಡ್ ಸಪೋರ್ಟ್ ಫೋರ್ಸಸ್ ಆದದ್ದು. ಹೋಲಿಕೆ ಎಲ್ಲಿ ಮುಗಿಯುತ್ತದೆ ಅಂತ ತಿಳಿಯುವುದಕ್ಕೇ ವರ್ಷಗಟ್ಟಲೆ ಓದಬೇಕು, ಅಲ್ಲಿನವರ ಮಾತಿನಲ್ಲೇ ಕೇಳಬೇಕು.

ಹೆಸರಿನಲ್ಲೂ ರಾಜಕೀಯ ಇದೆ. ಲಂಡನ್ನಿನಿಂದ ನೋಡಿದವರಿಗೆ ಅದು 'ಮಿಡಲ್ ಈಸ್ಟ್'. ದಿಲ್ಲಿಯಿಂದ ನೋಡಿದರೆ ಅದು ಪಶ್ಚಿಮ; ಜೆಎನ್‌ಯುನಲ್ಲಿ ಅದರ ವಿಭಾಗದ ಹೆಸರೇ ಪಶ್ಚಿಮ ಏಷ್ಯಾ ಅಧ್ಯಯನ. ಸುಡಾನನ್ನು ಆಫ್ರಿಕಕ್ಕೆ ಸೇರಿಸಬೇಕೋ ಅರಬ್ ಜಗತ್ತಿಗೋ ಅನ್ನುವುದೇ ಒಂದು ಜಗಳ. ನಮಗೆ ಇದು ಅರ್ಥವಾಗುತ್ತದೆ. 1997ರಲ್ಲಿ ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಚಿತ್ರದುರ್ಗದಿಂದ ಜಗಳೂರು ಕಿತ್ತು ದಾವಣಗೆರೆ ಜಿಲ್ಲೆ ಮಾಡಿದರು. ಬೆಂಗಳೂರಿನವರಿಗೆ ನಾವೆಲ್ಲಾ 'ದಾವಣಗೆರೆ ಕಡೆಯವರು'. ಚನ್ನಗಿರಿಯ ಅಡಿಕೆ ತೋಟದವನೂ ಜಗಳೂರಿನಲ್ಲಿ ಸಾವಿರ ಅಡಿ ಬೋರ್ ಕೊರೆಸಿ ಧೂಳು ನೋಡಿದವನೂ ಒಂದೇ ಅಂತ ಅಂದುಕೊಂಡರೆ ಹೆಣ್ಣು ಕೊಡೋ ಮಾತುಕತೆಯಲ್ಲೇ ಗೊತ್ತಾಗುತ್ತದೆ, ಹೌದೋ ಅಲ್ಲವೋ ಅಂತ.

ಇರಲಿ, ಕೆಲಸದ ವಿಷಯಕ್ಕೆ ಬರ್ತೀನಿ. ಅಕ್ಕ ಭಾವನಿಗೆ ನಾನು ಹೇಳಿದ್ದು ಇಷ್ಟು. ಅಮೆರಿಕದಲ್ಲಿ ಇರುವ ಹಾಗೆ ಇಡೀ ಒಂದು ಪ್ರದೇಶವನ್ನೇ ಮೇಜರ್ ಮಾಡಿಕೊಂಡು ಡಿಗ್ರಿ ಮಾಡುವುದು ನಮ್ಮಲ್ಲಿ ಅಪರೂಪ. ಇಲ್ಲಿನ ದಾರಿ ಅಂದರೆ ಮೊದಲು ಭಾಷೆ: ಜೆಎನ್‌ಯುನಲ್ಲಿ ಸಿಯುಇಟಿ ಬರೆದು ಅರಬ್ಬಿ ಬಿ.ಎ. ಆನರ್ಸ್, ಇಲ್ಲಾ ಹೈದರಾಬಾದಿನ ಇಫ್ಲು. ಪ್ರದೇಶದ ರಾಜಕೀಯ, ಚರಿತ್ರೆ ಗಟ್ಟಿಯಾಗಿ ಸಿಗುವುದು ಎಂ.ಎ.ಯಲ್ಲಿ. ಒಟ್ಟು ಐದು ವರ್ಷ. ಮೊದಲ ಸಂಬಳ ನನ್ನ ಮೊದಲ ಸಂಬಳಕ್ಕಿಂತ ಕಮ್ಮಿ ಇರಬಹುದು. ಅನುವಾದ, ರಾಯಭಾರ ಕಚೇರಿಗಳು, ಗಲ್ಫ್ ಜೊತೆ ವ್ಯವಹರಿಸುವ ಕಂಪನಿಗಳು, ನೆರವು ಸಂಸ್ಥೆಗಳು, ಪತ್ರಿಕೆ. ಯುಪಿಎಸ್‌ಸಿಯಲ್ಲಿ ವಿದೇಶಾಂಗ ಸೇವೆ ಸಿಕ್ಕರಂತೂ ಒಂದು ಪರದೇಶದ ಭಾಷೆ ಕಲಿಯಲೇಬೇಕು. ನಮ್ಮ ಫೀಲ್ಡಿನಲ್ಲೇ ಜಪಾನಿ ಗಟ್ಟಿಯಾಗಿ ಬರುವ ಇಂಜಿನಿಯರ್‌ಗೆ ಇರುವ ಬೆಲೆ ನಾನು ದಿನಾ ನೋಡುತ್ತೇನೆ. ಕ್ಲೈಂಟ್ "ಯೋಚಿಸುತ್ತೇವೆ" ಅಂದರೆ ಅದು "ಬೇಡ" ಅಂತ ಅವನೊಬ್ಬನಿಗೇ ತಿಳಿಯುವುದು. ಆದರೆ ಭಾಷೆ ಅರ್ಧಕ್ಕೆ ಬಿಟ್ಟರೆ ಮಾತ್ರ ಏನೂ ಇಲ್ಲ. ಭಾಷೆ ಇಲ್ಲದ ಪ್ರದೇಶದ ಓದು ಪೇಪರ್ ಓದಿದ ಹಾಗೆ. ಅದಕ್ಕೆ ಡಿಗ್ರಿ ಯಾಕೆ ಬೇಕು?

ಭಾವ ಎಲ್ಲಾ ಕೇಳಿ, "ಅಡಿಕೆ ರೇಟ್ ಇದ್ದಷ್ಟು ದಿನ ಓದ್ಲಿ ಬಿಡು" ಅಂದರು. ಅದು ಒಪ್ಪಿಗೆಯೋ ಹವಾಮಾನ ವರದಿಯೋ ಇನ್ನೂ ತಿಳಿದಿಲ್ಲ.

ಇವಳು ಅಷ್ಟರಲ್ಲಿ ಕಾಯಲಿಲ್ಲ. ಆ ಕ್ಲಾಸ್‌ಮೇಟ್‌ನ ಅಪ್ಪನ ಹತ್ತಿರವೇ ಹೋಗಿ ಕೂತಿದ್ದಾಳೆ. ಆತ ಶಾಲೆ ಮೆಟ್ಟಿಲು ಹತ್ತಿದ್ದು ಕಮ್ಮಿ. ಆದರೆ ಸಂತೆಯ ಅರಬ್ಬಿ ಸಲೀಸು. ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಂದು, ಮೊದಲ ಪಾಠ ಅಂತ ಅಡುಗೆಮನೆಯಲ್ಲಿ ಜೋರಾಗಿ ಓದಿದ್ದಾಳೆ: "ಬಿಕಮ್? ಬಿಕಮ್?" ಅಂದರೆ, "ಎಷ್ಟು? ಎಷ್ಟಕ್ಕೆ?"

ಆ ರಾತ್ರಿ ಅಕ್ಕನ ಫೋನ್ ಬಂತು. ದನಿಯಲ್ಲಿ ಎಷ್ಟೋ ದಿನಗಳ ಮೇಲೆ ಖುಷಿ. "ಏ, ಮನಸ್ಸು ಬದಲಾಯಿಸಿದಾಳೆ ಕಣೋ. ಬಿಕಾಂ ಮಾಡ್ತಾಳಂತೆ."